ಕಿಂಡಿಯ ಮೇಲಿನ ಅಂಗೈ

ಫಿರಂಗಿಗೆ ಬೆಂಕಿ ಕೊಡುವ ಕಿಂಡಿಯನ್ನು ಹೆಸ್ಟರ್ ಅಂಗೈಯಿಂದ ಮುಚ್ಚಿಬಿಟ್ಟಳು. ಲೆಫ್ಟಿನೆಂಟ್ ಮಾರ್ಟ್‌ಲಾಕನ ಕೈಯಲ್ಲಿದ್ದ ಉರಿಯುವ ಬತ್ತಿ ಅವಳ ಬೆರಳಿನಿಂದ ಗೇಣು ದೂರದಲ್ಲಿ ನಿಂತಿತು. ಫಿರಂಗಿಯವನಾದ ಗಂಡನಿಗೆ ಬೇಯಿಸಿದ ಗೆಣಸು ಕೊಡಲು ಬಂದಿದ್ದ ಹೆಂಗಸು ಅವಳು.

"ಕೈ ತೆಗಿಯಮ್ಮ! ತಲೆ ಕೆಟ್ಟಿದೆಯಾ?"

"ಸುಡೋದಿದ್ರೆ ಸುಡಿ, ಸ್ವಾಮಿ."

ಸೇಂಟ್ ಹೆಲೀನಾ ದ್ವೀಪದಲ್ಲಿ, ಅದನ್ನಾಳುವ ಇಂಗ್ಲಿಷ್ ಕಂಪನಿಯ ಕಟ್ಟಪ್ಪಣೆ ಎಲ್ಲರಿಗೂ ಗೊತ್ತು. ಬರುವ ಹಡಗು ಮೊದಲು ದೋಣಿ ಕಳಿಸಿ ತಾನು ಯಾರೆಂದು ತಿಳಿಸಬೇಕು, ಇಲ್ಲವಾದರೆ ಗುಂಡು. ಈಗ ದಡದತ್ತ ಬರುತ್ತಿದ್ದ ಹಡಗಿನ ಮೇಲೆ ಇಂಗ್ಲಿಷರದೇ ಬಾವುಟವಿತ್ತು. ಆದರೆ ಎಚ್ಚರಿಕೆಯ ಗುಂಡು ಹಾರಿಸಿದರೂ ಅದು ದೋಣಿ ಇಳಿಸಿರಲಿಲ್ಲ.

"ನಮ್ಮ ಬಾವುಟಾನ ಶತ್ರು ಫ್ರೆಂಚನೂ ಹೊಲಿಸ್ಕೋಬಹುದು," ಎಂದ ಮಾರ್ಟ್‌ಲಾಕ್.

"ಡೆಕ್ ನೋಡಿ ಸ್ವಾಮಿ, ತುಂಬ ಕಡಲಹಕ್ಕಿ ಕೂತಿವೆ. ಜನ ಓಡಾಡೋ ಕಡೆ ಅವು ಕೂರ್ತಾವಾ?"

ಅವನು ದುರ್ಬೀನು ಎತ್ತಿದ. ಡೆಕ್ಕಿನ ಮೇಲೆ ನಾವಿಕರು ಊದಿದ ಕಾಲು ಚಾಚಿ ಬಿದ್ದಿದ್ದರು; ತಿಂಗಳುಗಟ್ಟಲೆ ಹಣ್ಣು, ಸೊಪ್ಪು ಕಾಣದ ನಾವಿಕರಿಗೆ ಬರುವ ಸ್ಕರ್ವಿ ರೋಗ. ಒಬ್ಬನೇ ಒಬ್ಬ ಮಂಡಿಯೂರಿ ದೋಣಿಯ ಹಗ್ಗ ಎಳೆಯುತ್ತಿದ್ದ, ದೋಣಿ ಅಲುಗುತ್ತಿರಲಿಲ್ಲ.

ಮಾರ್ಟ್‌ಲಾಕ್ ಬತ್ತಿಯನ್ನು ನೀರಿನ ಬಾನಿಗೆ ಅದ್ದಿದ.

"ನಮ್ಮ ದೋಣಿ ಇಳಿಸ್ರೋ," ಎಂದ ತನ್ನ ಸಿಪಾಯಿಗಳಿಗೆ. "ನೀರು ತಗೊಳ್ಳಿ. ನಿಂಬೆಹಣ್ಣು... ಎಷ್ಟಿದ್ರೆ ಅಷ್ಟೂ."