ಸೂಜಿಯ ಕೆಳಗಿನ ಚೀಟಿ

“ಈ ಜಾತಿ ಜೀರುಂಡೆ ಹೈದರಾಬಾದಿನಾಗ ಐತಂತ ಇಲ್ಲೀತನಕ ಯಾರೂ ಬರದಿಲ್ರಿ. ಯಾವ ಗಿಡದಾಗ ಸಿಕ್ತು?” ಧಾರವಾಡದಿಂದ ಬಂದಿದ್ದ ಕೀಟತಜ್ಞೆ ನಲಿನಿ, ಕೀಟಗಳನ್ನು ಸೂಜಿ ಚುಚ್ಚಿ ಇಟ್ಟಿದ್ದ ಗಾಜಿನ ಪೆಟ್ಟಿಗೆಯ ಮೇಲೆ ಬಾಗಿ ಕೇಳಿದಾಗ ಪ್ರಾಧ್ಯಾಪಕ ದತ್ತಾತ್ರೇಯರು ಕನ್ನಡಕ ತೆಗೆದು ಒರೆಸತೊಡಗಿದರು.

“ನಮ್ಮನಿ ಮುಂದಿನ ಬೇವಿನ ಗಿಡದಾಗ್ರಿ,” ಚಹಾ ತಂದಿದ್ದ ಕಾಲೇಜಿನ ಆಯಾ ಭೀಮಬಾಯಿ ಹೇಳಿದಳು. “ಮಧ್ಯಾಹ್ನ ಭಾಳ ಒದರತಿತ್ತು, ಸೆರಗಿನಾಗ ಹಿಡದು ತಂದೆ. ಹಿಡದವರ ಹೆಸರು ಚೀಟಿಮ್ಯಾಲ ಬರೀತಾರಂತ. ಸಾಹೇಬ್ರು ನನ್ನ ಹೆಸರು ಬರದಾರ್ರಿ.” ಕೈ ಒರೆಸಿಕೊಂಡು ಗಾಜಿನ ಮೇಲೆ ಬೆರಳಿಟ್ಟಳು. ಅಕ್ಷರ ಬಾರದಿದ್ದರೂ ಆ ಚೀಟಿ ಯಾವ ಸೂಜಿಯ ಕೆಳಗಿದೆ ಎಂಬುದು ಅವಳಿಗೆ ಸರಿಯಾಗಿ ಗೊತ್ತಿತ್ತು.

ನಲಿನಿ ಭೂತಗನ್ನಡಿ ಹಿಡಿದರು. ಚೀಟಿಯಲ್ಲಿ ಏನಿದೆಯೆಂದು ದತ್ತಾತ್ರೇಯರಿಗೆ ನೋಡದೆಯೇ ಗೊತ್ತು: ಬೇಗಂಪೇಟೆ, ಏಪ್ರಿಲ್ ೧೯೮೪, ಅದರ ಕೆಳಗೆ ದುಂಡನೆಯ ಅಕ್ಷರದಲ್ಲಿ ತಮ್ಮದೇ ಹೆಸರು. ಪೆಟ್ಟಿಗೆ ಎಳೆದುಕೊಳ್ಳಲು ಚಾಚಿದ ಅವರ ಕೈ ಅರ್ಧದಲ್ಲೇ ನಿಂತಿತು.

ನಲಿನಿ ಓದಿದರು. ಇನ್ನೊಮ್ಮೆ ಓದಿದರು.

“ಹೌದವ್ವಾ,” ಅಂದರು, ದತ್ತಾತ್ರೇಯರ ಮುಖವನ್ನೇ ನೋಡುತ್ತ. “ನಿನ್ನ ಹೆಸರೇ ಐತಿ.”