ಬಸವಣ್ಣನ ಮೊಣಕಾಲು

ಆರು ಮಂದಿ ಜೀವ ಉಳಿಸಿದವ ನಾ. ನಂಬಿಕಿ ಬರವಲ್ದೇನು? ಕೃಷ್ಣಾ ದಂಡಿಗೆ ಬಂದು ಯಾರನ್ನರ ಕೇಳ್ರಿ, ಬಸಲಿಂಗ ಅಂದ್ರ ಯಾರಂತ. ಸಿನಿಮಾದಾಗ ಹೀರೋ ಬರಬೇಕಂದ್ರ ಹೊಗಿ ಬೇಕು, ಗಾಳಿ ಬೇಕು, ಹಿಂದ ಮ್ಯೂಜಿಕ್ ಬೇಕು. ನಾ ಹವಾಯಿ ಚಪ್ಪಲ್ ಮ್ಯಾಲ ಬಂದೆ. ಅದೂ ಉಂಗುಟ ಕಿತ್ತಿದ್ದು.

ನಮ್ಮ ದಂಡಿ ಹಳೇದು. ನಿಜಾಮರ ಕಾಲಕ್ಕ ಇಲ್ಲಿ ಸುಂಕದ ನಾಕಾ ಇತ್ತಂತ. ಹತ್ತಿ, ಜೋಳದ ಚೀಲ ಎಲ್ಲಾ ಇಲ್ಲಿಂದನ ಹರಗೋಲಿನಾಗ ರಾಯಚೂರ ಕಡಿಗೆ ದಾಟ್ತಿದ್ವು. ಸೇತುವೆ ಆತು, ನಾಕಾದ ಗ್ವಾಡಿ ಬಿತ್ತು, ಈಗ ಅದರಾಗ ಆಡು ಮಲಗತಾವ. ಉಳಿದಿದ್ದು ಒಂದು ಹರಗೋಲು, ಅದನ್ನ ನಡಸೋ ಲಾಡ್ಲೇಸಾಬ ಕಾಕಾ, ಮತ್ತ ನೀರಂಚಿಗೆ ನಿಂತ ಒಂದು ಕಲ್ಲು. ಹರಗೋಲು ಯಾಕ ಉಳೀತಂದ್ರ, ಹೊಳಿ ನಡುವ ನಮ್ಮ ಗಡ್ಡಿ ಅದ, ಇಪ್ಪತ್ತು ಮನಿ. ಅಲ್ಲಿಗೆ ಸೇತುವೆ ಹಾಕೂದು ಯಾರಿಗೂ ನೆನಪಾಗಿಲ್ಲ. ಕಲ್ಲಿನ ಮ್ಯಾಲ ಯಾವ ಕಾಲದಾಗೋ ನಿಂತ ಎತ್ತು, ಬಸವಣ್ಣನ್ನ ಕೊರದಾರ. ಸವದು ಸವದು ಕಣ್ಣಿಗೆ ಕಾಣಂಗಿಲ್ಲ, ಅದಕ್ಕ ವರ್ಷಾ ಮಳಿಗಿಂತ ಮೊದಲ ಅದರ ಮ್ಯಾಲ ಕೆಂಪು ಪೇಂಟ್ ಹಚ್ತಾರ. ನೀರು ಬಸವಣ್ಣನ ಮೊಣಕಾಲು ಮುಟ್ಟಿತಂದ್ರ ಹರಗೋಲು ಬೋರಲು ಹಾಕೂದು. ಆಮ್ಯಾಲ ತಹಸೀಲ್ದಾರ ಬಂದು ನಿಂತ್ರೂ ದಾಟಸಂಗಿಲ್ಲ.

ಅವತ್ತು ಸಂಜಿ ನಾಕರ ಸುಮಾರು. ಮ್ಯಾಲ ಡ್ಯಾಂನಿಂದ ನೀರು ಬಿಟ್ಟಿದ್ರು. ಕೆಂಪು ಮೊಣಕಾಲಿಗೆ ಇನ್ನೂ ನಾಕು ಬೆರಳು ಕೆಳಗಿತ್ತು ನೀರು. ಕಕ್ಕೇರಾ ಸಂತಿ ಮುಗಿಸಿ ಬಂದ ಆರು ಮಂದಿ ಹರಗೋಲಿನಾಗ ಕುಂತಿದ್ರು. "ಎಮ್ಮಿ ಹಿಂಡೂ ಹೊತ್ತಾತು, ಲಗೂ ನೂಕೋ ಲಾಡ್ಲೇಸಾಬ," ಅಂತ ಗಡ್ಡಿ ಕರೆಮ್ಮ ಗದರಾಕತ್ತಿದ್ಳು. ಆಗ ನಾ ಅಡ್ಡ ನಿಂತೆ.

"ಏ ಕೃಷ್ಣಾ, ನೀ ಗೇಟ್ ತಗದ್ರ ಬರಾಕಿ, ನಾ ಗೇಟ್ ಹಾರಿ ಬರಾಂವ. ಈ ಆರು ಮಂದಿ ಇವತ್ತ ನಿನಗ ಸಿಗಂಗಿಲ್ಲ."

ಲಾಡ್ಲೇಸಾಬ ಕಾಕಾ ಹೊಳ್ಳಿ ನೋಡಿದ. "ಇಳೀರಿ ಎಲ್ಲಾರೂ. ಹುಡುಗ ಬ್ಯಾಡ ಅಂತಾನ."

"ಈ ರೀಲ್ಸ್ ಮಾಡೋ ಹುಡುಗನ ಮಾತಿಗೆ ಇಳೀಬೇಕೇನು?" ಅಂದ್ಳು ಕರೆಮ್ಮ.

"ಅಂವ ಗಡ್ಡ್ಯಾಗ ಹುಟ್ಟ್ಯಾನ. ಹೊಳಿ ತಿಳೀತದ ಅವಗ. ಇಳಿ."

ಬೈಕೋತ ಇಳಿದ್ರು. ಅರ್ಧಾ ತಾಸಿಗೆ ಬೇರು ಸಮೇತ ಒಂದು ಜಾಲಿಗಿಡ ಗಿರಗಿರ ತಿರುಗಕೋತ, ಹರಗೋಲು ಹೋಗೋ ದಾರಿ ಮ್ಯಾಲನ ಹಾದು ಹೋತು. ಕಲ್ಲು ಕೋಡಿನ ತನಕ ಮುಳುಗಿತು. ಆರೂ ಮಂದಿ ಎರಡು ದಿನ ಸಾಲ್ಯಾಗ ಮಲಗಿದ್ರು. ನೀರಿಳದ ಮ್ಯಾಲ ಕರೆಮ್ಮ ನನಗ ಒಂದು ಬೆಣ್ಣಿ ಉಂಡಿ ತಂದು ಕೊಟ್ಳು.

ಇದು ಊರು ಹೇಳೋ ಕಥಿ. ನಾನೂ ಹಿಂಗ ಹೇಳ್ತೀನಿ. ಖರೇದು ಬ್ಯಾರೆ ಅದ.

ಹ್ವಾದ ವರ್ಷ ನೀರು ಏರಿ ಹರಗೋಲು ಬೋರಲು ಹಾಕಿದ್ದಕ್ಕ ನಾ ಎಂಟು ದಿನ ಗಡ್ಡ್ಯಾಗ ಸಿಕ್ಕೊಂಡಿದ್ದೆ. ಮೂರೂ ಹೊತ್ತು ಬದನಿಕಾಯಿ, ಚಾರ್ಜ್ ಇಲ್ಲದ ಮೊಬೈಲ್. ಶಹಾಪುರ ಟಾಕೀಜಿನಾಗ ನಮ್ಮ ಹೀರೋಂದು ಮೊದಲ ದಿನದ ಶೋ ತಪ್ಪಿತು. ಈ ವರ್ಷ ಪೇಂಟ್ ಹಚ್ಚೋ ಪಾಳಿ ನನಗ ಬಂತು. ಬಸವಣ್ಣನ್ನ ಒಂದು ಗೇಣು ಮ್ಯಾಲ ಬರದೆ. ಒಂದ ಗೇಣು. ಗೇಣು ಮ್ಯಾಲಂದ್ರ ಎರಡು ದಿನ ಹೆಚ್ಚಿಗಿ ಹರಗೋಲು ನಡೀತದ, ಅಷ್ಟ ನನ್ನ ಲೆಕ್ಕ. ಯಾರಿಗೂ ತಿಳೀಲಿಲ್ಲ. ಕಾಕಾನ ಕಣ್ಣಾಗ ಪೊರಿ ಬಂದದ, ಅವಗ ಕೆಂಪು ಕಂಡ್ರ ಸಾಕು. ನೀರು ಕಡಿಮಿ ಇದ್ದಾಗ ಹರಗೋಲು ಕಲ್ಲಿನಿಂದ ದೂರ ನಿಲ್ತದ, ಅವ ಕಲ್ಲು ಮುಟ್ಟಿರಲೂ ಇಲ್ಲ.

ಅವತ್ತು ನೀರು ಏರಿ ಹರಗೋಲು ಕಲ್ಲಿನ ಬಗಲಿಗೇ ಬಂದಿತ್ತು. ನೂಕಾಕಂತ ಕಾಕಾ ಬಸವಣ್ಣನ ಡುಬ್ಬಕ್ಕ ಕೈ ಊರಿದ. ಪೇಂಟ್ ಇತ್ತು, ಡುಬ್ಬ ಇರಲಿಲ್ಲ. ಕಲ್ಲು ನುಣ್ಣಗ. ಕೈ ಕೆಳಗ ಸರಸಿದ, ಒಂದು ಗೇಣು ಸರಸಿದ ಮ್ಯಾಲ ಡುಬ್ಬ ಸಿಕ್ತು. ಮತ್ತ ಕೆಳಗ ತಡಕಿದ. ಮೊಣಕಾಲು ನೀರಿನ ಒಳಗಿತ್ತು. ಆಗ ಅವ ನನ್ನ ನೋಡಿದ್ದು. ಪೇಂಟ್ ಹಚ್ಚಿದವ ಯಾರಂತ ಅವಗ ಗೊತ್ತಿತ್ತು.

ನೀರಿಳದ ಮ್ಯಾಲ ಕೇಳಿದೆ, "ಕಾಕಾ, ಕಲ್ಲಿನ ಮಾತು ಬಿಟ್ಟು ನನ್ನ ಹೆಸರು ಯಾಕ ಹೇಳಿದ್ರಿ?"

"ನಿನ್ನ ಮಾನ ಉಳಸಾಕ ಅಲ್ಲಲೇ ಬಸ್ಯಾ. ಕಲ್ಲು ಸುಳ್ಳು ಹೇಳ್ತಂತ ತಿಳದ್ರ ನಾಳಿಂದ ಅದರ ಮಾತು ಯಾರು ಕೇಳ್ತಾರ? ನನ್ನ ಮಾತಂತೂ ಕೇಳೂ ಮಂದಿ ಅಲ್ಲ ಇವು." ಪೇಂಟಿನ ಡಬ್ಬಿ ನನ್ನ ಕೈಯಾಗ ಇಟ್ಟ. "ಹಳೇದು ಕೆರದು ಹಾಕು. ಈ ಸಲ ಕಣ್ಣು ಮುಚ್ಚಿ, ಕೈಲೆ ಹುಡಿಕಿ ಹಚ್ಚು."

ಹಚ್ಚಿದೆ. ಕೋಡು, ಡುಬ್ಬ, ಮೊಣಕಾಲು, ಎಲ್ಲಾ ಬೆರಳಿಗೆ ಸಿಕ್ವು.

ಮತ್ತ ಆ ಡೈಲಾಗ್? ಅದು ಸಾಲ್ಯಾಗ ಆರು ಮಂದಿಗೆ ಚಹಾ ಒಯ್ದು ಕೊಡಾಕತ್ತಾಗ ಕಟ್ಟಿದ್ದು. ಕೇಳಿದವರೆಲ್ಲಾ ದಂಡಿ ಮ್ಯಾಲನ ಆಡಿದ್ದು ಅಂತ ಈಗ ಹೇಳ್ತಾರ. ಖರೇ ಅಂದ್ರ, ಅವತ್ತು ಕಾಕಾ ಕಲ್ಲಿಗೆ ಕೈ ಊರೂಕಿಂತ ಮೊದಲ, ಖರೇ ಮೊಣಕಾಲು ಮುಳಗ್ಯಾದ ಅಂತ ನನಗೊಬ್ಬಗ ಗೊತ್ತಿತ್ತು. "ಕಾಕಾ, ಬ್ಯಾ..." ಅಂದೆ, ಅಷ್ಟ.

"ಬಂತು ನೋಡ್ರಿ ಡೈಲಾಗ್," ಅಂದ್ಳು ಕರೆಮ್ಮ. ಹರಗೋಲಿನಾಗ ಕುಂತ ಆರೂ ಮಂದಿ ನಕ್ರು.

ಅವರ ಜೋಡಿ ನಾನೂ ನಕ್ಕೆ.