ಮೂರನೇ ಗೇರಿನ ಸದ್ದು

“ಕುಂಞಾಕಾ, ಮೂರನೇ ಗೇರಿನಲ್ಲಿ ಎಂಥದೋ ಸದ್ದು ಬರ್ತದಲ್ಲ?” ತನ್ನ ಜಿಪ್ಸಿ ಜೀಪು ಓಡಿಸುತ್ತಿದ್ದ ಭೋಜ ಹಾಗೆ ಕೇಳಿದಾಗ ಪಕ್ಕದಲ್ಲಿ ಕೂತಿದ್ದ ಮೆಕ್ಯಾನಿಕ್ ಮಹಮ್ಮದ್ ಕುಂಞಿ ಕಿವಿಗೊಟ್ಟರು. ಅವರಿಗೆ ಏನೂ ಕೇಳಿಸಲಿಲ್ಲ.

ಆ ಜಿಪ್ಸಿಯ ಹಳೆಯ ಪೆಟ್ರೋಲ್ ಎಂಜಿನ್ ಇಳಿಸಿ, ಡೀಸೆಲ್ ಎಂಜಿನ್ನನ್ನೂ ಅದರ ಗೇರ್‌ಬಾಕ್ಸನ್ನೂ ಕೂರಿಸಲು ಅವರಿಗೆ ಹನ್ನೆರಡು ದಿನ ಹಿಡಿದಿತ್ತು. ಜನರ ಮಾತು ಈಗಲೂ ಕೇಳುತ್ತಿತ್ತು. ಲೋಹದ ಸಣ್ಣ ಸದ್ದುಗಳು ಮಾತ್ರ ಕಿವಿಗೆ ಬೀಳುತ್ತಿರಲಿಲ್ಲ. ಅದನ್ನು ಹೆಂಡತಿ ಸಾಲಿಹಾಳಿಗೂ ಹೇಳಿರಲಿಲ್ಲ. ಕಿವಿಯಲ್ಲೇ ಎಂಜಿನ್ ನೋಡುವವರು ಎಂದು ಫರಂಗಿಪೇಟೆಯಲ್ಲಿ ಅವರಿಗೆ ಹೆಸರಿತ್ತು.

‘ಹೊಸತಲ್ಲವಾ, ಓಡಿ ಓಡಿ ಸರಿಯಾಗ್ತದೆ’ ಎಂಬ ಮಾತು ನಾಲಗೆಯ ತುದಿಗೆ ಬಂತು. ಅದುರುವುದಾದರೂ ಕೈಗೆ ಸಿಗುತ್ತದೋ ಎಂದು ಗೇರ್ ಲಿವರಿನ ಮೇಲೆ ಅಂಗೈ ಇಟ್ಟರು, ತೆಗೆದರು, ಮತ್ತೆ ಇಟ್ಟರು. ನಾಳೆಯಿಂದ ಭೋಜ ತನ್ನೂರು ನೆರಿಯದ ಮಕ್ಕಳನ್ನು ಇದೇ ಗಾಡಿಯಲ್ಲಿ ಶಾಲೆಗೆ ಕರೆದೊಯ್ಯುವವನಿದ್ದ.

“ಗಾಡಿ ನಿಲ್ಲಿಸಿ ಭೋಜಣ್ಣ. ನನಗೆ ಆ ಸದ್ದು ಕೇಳುವುದಿಲ್ಲ. ಎರಡು ವರ್ಷ ಆಯ್ತು.”

ಭೋಜ ಎಂಜಿನ್ ಆಫ್ ಮಾಡಿ ಅವರ ಮುಖವನ್ನೇ ನೋಡಿದ. ಆಮೇಲೆ ಅವರ ಕಿವಿಯ ಹತ್ತಿರ ಬಾಗಿ, ಹಲ್ಲು ಕಚ್ಚಿ, “ಕಿರ್ರ್... ಕಿರ್ರ್...” ಎಂದು ಬಾಯಲ್ಲೇ ಆ ಸದ್ದು ಮಾಡಿ ತೋರಿಸಿದ.

“ಬೇರಿಂಗ್ ಅದು,” ಎಂದರು ಕುಂಞಿ. “ಗ್ಯಾರೇಜಿಗೆ ತಿರುಗಿಸಿ, ಬಿಚ್ಚುವ.”